ಅಂಚಿನಲ್ಲಿದೆ ಅರ್ಧ ಕಥೆ

ಹಳೆಯ ಬ್ರಿಟಿಷ್ ಅಚ್ಚುಚಿತ್ರಗಳ ಸಂಗ್ರಹ: ಒಂದು ಹವ್ಯಾಸ, ಒಂದು ಪಾಠ

ಸೀರೆ ಅಂಗಡಿಗೆ ಹೋದಾಗ ನಾವು ಹೆಂಗಸರು ಮೊದಲು ಏನು ಮಾಡುತ್ತೇವೆ ಹೇಳಿ? ಮಡಿಕೆ ಬಿಚ್ಚಿ ಸೆರಗು ನೋಡುತ್ತೇವೆ. ಅಂಚನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡುತ್ತೇವೆ. ಹಿಂಬದಿ ತಿರುಗಿಸಿ ನೇಯ್ಗೆ ಹೇಗಿದೆ ಎಂದು ಪರೀಕ್ಷಿಸುತ್ತೇವೆ. “ಅಸಲಿ ಜರಿ ಅಮ್ಮಾ” ಎಂದು ಅಂಗಡಿಯವನು ಎಷ್ಟು ಆಣೆ ಹಾಕಿದರೂ ನಮ್ಮ ಬೆರಳು ಒಪ್ಪಬೇಕು. ಸೀರೆಯ ವಿಷಯದಲ್ಲಿ ಇಷ್ಟು ಜಾಣತನ ಇರುವ ನಾನು ಒಂದು ಚಿತ್ರದ ವಿಷಯದಲ್ಲಿ ಮಾತ್ರ ದಡ್ಡಿಯಾದೆ. ಅಂಚಿನ ಬೆಲೆ ಗೊತ್ತಾಗುವ ಹೊತ್ತಿಗೆ ಅಂಚೇ ಕೈತಪ್ಪಿ ಹೋಗಿತ್ತು. ನೀವು ಆ ತಪ್ಪು ಮಾಡಬಾರದೆಂದೇ ಈ ಲೇಖನ.

ಬಾಣಂತನದ ನಡುವೆ ಒಂದು ಬೆಟ್ಟ

ಕೆಲವು ವರ್ಷಗಳ ಹಿಂದಿನ ಮಾತು. ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹೋಗಿದ್ದೆ. ಮೆಂತ್ಯದ ಹಿಟ್ಟು, ಒಣಶುಂಠಿ, ಲೇಹ್ಯ, ಹರಳೆಣ್ಣೆ ಎಲ್ಲವನ್ನೂ ಕಟ್ಟಿಕೊಂಡು ಹೋದವಳಿಗೆ ಎರಡು ತಿಂಗಳು ಮನೆಯ ಹೊರಗಿನ ಬೆಳಕೇ ಸರಿಯಾಗಿ ಕಂಡಿರಲಿಲ್ಲ. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಒಂದು ಶನಿವಾರ ಮಗಳೇ, “ಅಮ್ಮಾ, ಆ ಒಲೆ ಮುಂದಿನಿಂದ ಎದ್ದು ಬಾ. ಇಲ್ಲಿನ ಸಂತೆ ತೋರಿಸ್ತೀನಿ” ಎಂದು ಪೋರ್ಟೊಬೆಲ್ಲೊ ರಸ್ತೆಗೆ ಕರೆದುಕೊಂಡು ಹೋದಳು.

ಲಂಡನ್ನಿನ ನಾಟಿಂಗ್ ಹಿಲ್ ಬಡಾವಣೆಯ ಆ ರಸ್ತೆಯಲ್ಲಿ ಪ್ರತಿ ಶನಿವಾರ ಹಳೆಯ ವಸ್ತುಗಳ ದೊಡ್ಡ ಸಂತೆ. ಬೆಳ್ಳಿ ಚಮಚ, ಒಡೆದ ಗಡಿಯಾರ, ಯಾರದೋ ಮದುವೆಯ ಪಿಂಗಾಣಿ ತಟ್ಟೆ, ಯಾರದೋ ಅಜ್ಜಿಯ ಗುಂಡಿಗಳು. ಅಲ್ಲಿ ಒಬ್ಬ ಮುದುಕಪ್ಪ ರಟ್ಟಿನ ಪೆಟ್ಟಿಗೆಗಳಲ್ಲಿ ಹಳೆಯ ಚಿತ್ರಗಳನ್ನು ಒಂದರ ಹಿಂದೊಂದು ನಿಲ್ಲಿಸಿಕೊಂಡು ಕೂತಿದ್ದ. ಮಗುವಿನ ತಳ್ಳುಗಾಡಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಸುಮ್ಮನೆ ಆ ಹಾಳೆಗಳನ್ನು ಮಗುಚುತ್ತಾ ಹೋದೆ. ಚರ್ಚುಗಳು, ಕುದುರೆಗಳು, ಬೋಳು ಮರದ ಕೆಳಗೆ ನಿಂತ ದೊರೆಗಳು. ಆಮೇಲೆ ಒಂದು ಬಂಡೆಬೆಟ್ಟ.

ಕೈ ಅಲ್ಲೇ ನಿಂತುಬಿಟ್ಟಿತು. ಕೆಳಗಿನ ಇಂಗ್ಲಿಷ್ ಹೆಸರನ್ನು ಓದುವ ಮೊದಲೇ ನನಗೆ ಗುರುತು ಸಿಕ್ಕಿತ್ತು. ಸಾವನದುರ್ಗ! ನಮ್ಮ ಮಾಗಡಿಯ ಸಾವನದುರ್ಗ! ಚಿಕ್ಕವಳಿದ್ದಾಗ ಎತ್ತಿನ ಗಾಡಿಯಲ್ಲಿ ವೀರಭದ್ರಸ್ವಾಮಿ ಜಾತ್ರೆಗೆ ಹೋಗುತ್ತಿದ್ದಾಗ, ಗಾಡಿ ಎಷ್ಟು ದೂರ ಸಾಗಿದರೂ ಜಾಗ ಬಿಟ್ಟು ಕದಲದೆ ಕಾಣುತ್ತಿದ್ದ ಅದೇ ಬೋಳು ಬಂಡೆ. ಏಳು ಸಮುದ್ರದಾಚೆ, ರಟ್ಟಿನ ಪೆಟ್ಟಿಗೆಯೊಳಗೆ, ಯಾವುದೋ ಚರ್ಚು ಮತ್ತು ಯಾವುದೋ ಕುದುರೆಯ ನಡುವೆ ಕೂತಿತ್ತು.

“ಎಷ್ಟಂತೆ ಕೇಳೇ” ಎಂದೆ ಮಗಳಿಗೆ. ಅಂಚಿನಲ್ಲಿ ನೀರಿನ ಕಲೆ ಇದೆ, ಆದ್ದರಿಂದ ನಲವತ್ತು ಪೌಂಡಿಗೆ ಕೊಡುತ್ತೇನೆಂದ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾಲ್ಕು ಸಾವಿರದ ಮೇಲಾಗುತ್ತದೆ! “ಹಳೇ ಕಾಗದಕ್ಕೆ ಅಷ್ಟು ದುಡ್ಡಾ?” ಎಂದು ಕನ್ನಡದಲ್ಲಿ ಗೊಣಗಿದೆ. ಗೊಣಗುವುದಕ್ಕೆ ಭಾಷೆ ಬೇಕಿಲ್ಲವಲ್ಲ, ಮುದುಕಪ್ಪನಿಗೆ ಅರ್ಥವಾಯಿತು. ಜೇಬಿನಿಂದ ಒಂದು ಪುಟ್ಟ ಭೂತಗನ್ನಡಿ ತೆಗೆದು ನನ್ನ ಕೈಗೆ ಕೊಟ್ಟು, “ಮೊದಲು ನೋಡಿ, ಆಮೇಲೆ ಚೌಕಾಸಿ ಮಾಡಿ” ಎಂದ. ನನ್ನ ಈ ಹುಚ್ಚು ಹತ್ತಿದ್ದು ಆ ಗಳಿಗೆಯಲ್ಲಿ.

ತಾಮ್ರದ ಮೇಲಿನ ಕಸೂತಿ

ಗಾಜಿನಲ್ಲಿ ನೋಡಿದಾಗ ಬಂಡೆಯ ನೆರಳು ನೆರಳಾಗಿ ಉಳಿಯಲಿಲ್ಲ. ಕೂದಲೆಳೆಯಂಥ ಸಾವಿರಾರು ಗೆರೆಗಳಾಗಿ ಬಿಡಿಸಿಕೊಂಡಿತು. ಎಲ್ಲಿ ನೆರಳು ಗಾಢವೋ ಅಲ್ಲಿ ಗೆರೆಯ ಮೇಲೆ ಅಡ್ಡಗೆರೆ, ಎಲ್ಲಿ ಬಿಸಿಲೋ ಅಲ್ಲಿ ಖಾಲಿ ಕಾಗದ. ಥೇಟ್ ನಮ್ಮ ಕಸೂತಿಯ ಹಾಗೆ! ಒಂದೊಂದು ಗೆರೆಯನ್ನೂ ಮನುಷ್ಯನ ಕೈ ಎಳೆದಿದೆ.

ಕ್ಯಾಮೆರಾ ಇಲ್ಲದ ಕಾಲದಲ್ಲಿ ಒಂದು ಚಿತ್ರವನ್ನು ಹತ್ತು ಜನರಿಗೆ ತಲುಪಿಸಬೇಕಾದರೆ ಇದೇ ದಾರಿ. ಚಿತ್ರವನ್ನು ತಾಮ್ರದ ತಗಡಿನ ಮೇಲೆ ಚೂಪಾದ ಉಕ್ಕಿನ ಉಳಿಯಿಂದ ಕೊರೆಯುತ್ತಾರೆ. ಅದೂ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗುಮುರುಗಾಗಿ. ತಗಡಿಗೆಲ್ಲಾ ಮಸಿ ಬಳಿದು ಮೇಲ್ಮೈಯನ್ನು ಒರೆಸಿಬಿಟ್ಟರೆ ಮಸಿ ಕೊರೆದ ಗೆರೆಗಳೊಳಗೆ ಮಾತ್ರ ಉಳಿಯುತ್ತದೆ. ಮೇಲೆ ಒದ್ದೆ ಮಾಡಿದ ಕಾಗದ ಹೊದಿಸಿ ಎರಡು ಉರುಳೆಗಳ ನಡುವೆ ಬಿಗಿಯಾಗಿ ಒತ್ತಿದಾಗ ಕಾಗದ ಆ ಗೆರೆಗಳೊಳಕ್ಕೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ. ಇದು ಎನ್‌ಗ್ರೇವಿಂಗ್. ಪ್ರತಿ ಸಲವೂ ಹೊಸದಾಗಿ ಮಸಿ ಬಳಿಯಬೇಕು, ಒರೆಸಬೇಕು, ಒತ್ತಬೇಕು. ಒಬ್ಬಟ್ಟು ತಟ್ಟಿದ ಹಾಗೆ, ಒಂದೊಂದೇ!

ಇದರಲ್ಲೇ ನಾನಾ ಬಗೆ. ತಗಡಿಗೆ ಮೇಣ ಸವರಿ, ಮೇಣದ ಮೇಲೆ ಸೂಜಿಯಿಂದ ಬರೆದು, ಆಸಿಡ್ಡಿನಲ್ಲಿ ಅದ್ದಿ ಗೆರೆ ಕೊರೆಸಿದರೆ ಅದು ಎಚಿಂಗ್. ತಗಡಿನ ಮೇಲೆ ರಾಳದ ನುಣ್ಣನೆಯ ಪುಡಿ ಉದುರಿಸಿ, ಬಿಸಿ ಮಾಡಿ ಅಂಟಿಸಿ, ಆಮೇಲೆ ಆಸಿಡ್ಡಿಗೆ ಹಾಕಿದರೆ ನೀರುಬಣ್ಣ ಬಳಿದಂಥ ತೆಳು ಛಾಯೆ ಬರುತ್ತದೆ, ಅದು ಅಕ್ವಾಟಿಂಟ್. ತಗಡನ್ನೆಲ್ಲ ಮೊದಲು ತರಿತರಿ ಮಾಡಿ, ಬೆಳಕು ಬೇಕಾದ ಕಡೆ ಹೆರೆದು ನಯ ಮಾಡುತ್ತಾ ಬಂದರೆ ಮಖಮಲ್ಲಿನಂಥ ಕಪ್ಪು ಸಿಗುತ್ತದೆ, ಅದು ಮೆಝೋಟಿಂಟ್. ಈ ಮೆಝೋಟಿಂಟ್ ಹುಟ್ಟಿದ್ದು ಇಂಗ್ಲೆಂಡಿನ ಹೊರಗೆ. ಆದರೂ ಅಲ್ಲಿನ ಕುಶಲಿಗಳ ಕೈಯಲ್ಲಿ ಎಷ್ಟು ಬೆಳೆಯಿತೆಂದರೆ ಫ್ರೆಂಚರು ಅದನ್ನು ‘ಇಂಗ್ಲಿಷ್ ಶೈಲಿ’ ಎಂದೇ ಕರೆದರು.

ನ್ಯೂಕಾಸಲ್ ಊರಿನ ಥಾಮಸ್ ಬ್ಯೂವಿಕ್ (1753–1828) ಬೇರೊಂದು ದಾರಿ ಹಿಡಿದ. ಬಾಕ್ಸ್ ಎಂಬ ಬಲು ಗಟ್ಟಿಯಾದ ಮರದ ಅಡ್ಡಕೊಯ್ತದ ಮುಖದ ಮೇಲೆ ಸೂಕ್ಷ್ಮವಾಗಿ ಕೊರೆದ. ಮರದ ಅಚ್ಚನ್ನು ಅಕ್ಷರದ ಮೊಳೆಗಳ ಜೊತೆಗೇ ಜೋಡಿಸಿ ಮುದ್ರಿಸಬಹುದು, ಹೀಗಾಗಿ ಚಿತ್ರದ ಪುಸ್ತಕಗಳು ಅಗ್ಗವಾದವು. ಅವನ ಬ್ರಿಟಿಷ್ ಪಕ್ಷಿಗಳ ಪುಸ್ತಕದ ಎರಡು ಸಂಪುಟಗಳು 1797 ಮತ್ತು 1804ರಲ್ಲಿ ಬಂದವು. ಗುಬ್ಬಿಯ ಒಂದೊಂದು ಪುಕ್ಕವನ್ನೂ ಎಣಿಸಬಹುದು. 1820ರ ದಶಕದಿಂದ ತಾಮ್ರದ ಬದಲು ಉಕ್ಕಿನ ತಗಡು ಬಂತು. ತಾಮ್ರ ಬೇಗ ಸವೆಯುತ್ತದೆ, ಉಕ್ಕು ಸಾವಿರಾರು ಪ್ರತಿಗೂ ಜಗ್ಗುವುದಿಲ್ಲ. ಕಲ್ಲಚ್ಚು, ಅಂದರೆ ಲಿಥೋ, ಜರ್ಮನಿಯಿಂದ ಬಂದು ಸೇರಿಕೊಂಡಿತು.

ಈ ಬಗೆಗಳನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಗಾಜು ಹಿಡಿದು ನೋಡುತ್ತಾ ಹೋದರೆ ಕಣ್ಣಿಗೆ ತಾನೇ ಅಭ್ಯಾಸವಾಗುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣಿಗೆ ಇದು ಯಾವ ಕಷ್ಟ?

ಅಂಚು ಹೇಳುವ ಮಾತು

“ಈಗ ಅಂಚು ನೋಡಿ” ಎಂದ ಮುದುಕಪ್ಪ. ಚಿತ್ರದ ಸುತ್ತ ನಾಲ್ಕು ಬೆರಳು ಅಗಲ ಖಾಲಿ ಕಾಗದ. ಅದರ ಮೇಲೆ ಬೆರಳಾಡಿಸಲು ಹೇಳಿದ. ಚಿತ್ರದಿಂದ ಸ್ವಲ್ಪ ಹೊರಗೆ ನಾಲ್ಕೂ ಕಡೆ ತಗ್ಗಿನ ಗೆರೆಯೊಂದು ಬೆರಳಿಗೆ ತಗುಲಿತು. ಒತ್ತುವಾಗ ತಗಡು ಕಾಗದದಲ್ಲಿ ಕೂತ ಗುರುತು ಅದು. ಮರದಚ್ಚಿಗೂ ಕಲ್ಲಚ್ಚಿಗೂ ಈ ಗುರುತು ಬೀಳುವುದಿಲ್ಲ.

ಚಿತ್ರದ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳು. ಎಡಗಡೆ ಒಂದು ಹೆಸರು, ಬಲಗಡೆ ಒಂದು ಹೆಸರು. ಎಡಗಡೆಯವನು ಚಿತ್ರ ಬರೆದವನು. ಅವನ ಹೆಸರಿನ ಮುಂದೆ ‘ಪಿಂಕ್ಸಿಟ್’ ಎಂದಿದ್ದರೆ ಬಣ್ಣದ ಚಿತ್ರ ಬರೆದವನು, ‘ಡೆಲ್’ ಎಂದಿದ್ದರೆ ರೇಖಾಚಿತ್ರ ಬರೆದವನು. ಬಲಗಡೆ ‘ಸ್ಕಲ್ಪ್’ ಎಂದಿದ್ದರೆ ತಗಡು ಕೊರೆದವನು. ಎಲ್ಲವೂ ಲ್ಯಾಟಿನ್ ಭಾಷೆಯ ತುಂಡು ಮಾತುಗಳು. ಇವೆರಡರ ಕೆಳಗೆ ಇನ್ನೂ ಸಣ್ಣದಾಗಿ, ಪ್ರಕಾಶಕ ಯಾರು, ಅಂಗಡಿ ಯಾವ ಬೀದಿಯಲ್ಲಿ, ಯಾವ ದಿನ ಹೊರಬಂತು ಎಂಬ ಒಂದು ಸಾಲು.

ಈ ಸಾಲು ಅಲ್ಲಿಗೆ ಬಂದದ್ದರ ಹಿಂದೆ ಒಂದು ಹೋರಾಟವಿದೆ. ವಿಲಿಯಂ ಹೊಗಾರ್ತ್ ಎಂಬ ಕಲಾವಿದ 1732ರಲ್ಲಿ, ಹಳ್ಳಿಯಿಂದ ಲಂಡನ್ನಿಗೆ ಬಂದು ಮೋಸಹೋಗಿ ಹಾಳಾಗುವ ಹುಡುಗಿಯೊಬ್ಬಳ ಕಥೆಯನ್ನು ಆರು ಚಿತ್ರಗಳಲ್ಲಿ ಕೊರೆದು ಮಾರಿದ. ಜನ ಮುಗಿಬಿದ್ದು ಕೊಂಡರು. ಮರುಗಳಿಗೆಯಲ್ಲೇ ಬೇರೆ ಅಂಗಡಿಗಳವರು ಅವನ್ನು ನಕಲು ಮಾಡಿ ಅಗ್ಗವಾಗಿ ಮಾರತೊಡಗಿದರು. ದುಡಿದವನಿಗೆ ದಕ್ಕಲಿಲ್ಲ. ಹೊಗಾರ್ತ್ ಗೆಳೆಯರನ್ನು ಕಟ್ಟಿಕೊಂಡು ಪಾರ್ಲಿಮೆಂಟಿನ ಮೊರೆಹೋದ. 1735ರಲ್ಲಿ ಕಾಯ್ದೆ ಜಾರಿಗೆ ಬಂತು. ಚಿತ್ರ ಪ್ರಕಟವಾದ ದಿನದಿಂದ 14 ವರ್ಷ ಯಾರೂ ನಕಲು ಮಾಡುವಂತಿಲ್ಲ. ತನ್ನ ಮುಂದಿನ ಚಿತ್ರಮಾಲೆಯನ್ನು ಆ ಕಾಯ್ದೆ ಜಾರಿಯಾಗುವವರೆಗೂ ಹೊಗಾರ್ತ್ ಹೊರಗೇ ಬಿಡಲಿಲ್ಲ! ಆ ಹಕ್ಕು ಬೇಕಾದರೆ ತಗಡಿನ ಮೇಲೆ ತಾರೀಖು, ಹೆಸರು ಇರಬೇಕು. ಅಂದು ಕಳ್ಳರಿಗೆ ಹೆದರಿ ಕೊರೆದ ಸಾಲೇ ಇಂದು ನಮಗೆ ಚಿತ್ರದ ಜಾತಕ.

ಕಾಗದವೂ ಮಾತಾಡುತ್ತದೆ. ಬೆಳಕಿಗೆ ಹಿಡಿದರೆ ಹಳೆಯ ಕೈಕಾಗದದಲ್ಲಿ ಜರಡಿಯ ತಂತಿಗಳ ಗೆರೆ ಸಾಲುಸಾಲಾಗಿ ಕಾಣುತ್ತದೆ. 18ನೆಯ ಶತಮಾನದ ನಡುವಿನಲ್ಲಿ ಜೇಮ್ಸ್ ವಾಟ್‌ಮನ್ ಎಂಬಾತ ಗೆರೆ ಕಾಣದ ನಯವಾದ ಕಾಗದ ತಯಾರಿಸಿದ. ಅವನ ಮನೆತನದ ಹೆಸರು ಕಾಗದದೊಳಗೇ ನೀರುಗುರುತಾಗಿ ಇರುತ್ತದೆ, 1794ರ ನಂತರದ ಕಾಗದದಲ್ಲಿ ಎಷ್ಟೋ ಸಲ ಇಸವಿಯೂ ಸಿಗುತ್ತದೆ. ಚಿತ್ರದ ಕೆಳಗೆ 1780 ಎಂದಿದ್ದು ಕಾಗದದೊಳಗೆ 1810 ಎಂದು ಕಂಡರೆ? ತಗಡು ಹಳೆಯದು, ಒತ್ತಿದ್ದು ಆಮೇಲೆ ಎಂದರ್ಥ. ಅಂಥ ಚಿತ್ರ ನಕಲಿಯಲ್ಲ, ಆದರೆ ಬೆಲೆ ಬೇರೆ.

ಅಂಚಿನಲ್ಲಿ ಹೆಸರಿಲ್ಲದವರು

ಅಂಚಿನಲ್ಲಿ ಗಂಡಸರ ಹೆಸರೇ ಜಾಸ್ತಿ. ಹಾಗೆಂದು ಆ ಕೆಲಸ ಗಂಡಸರದ್ದು ಮಾತ್ರ ಎಂದುಕೊಳ್ಳಬೇಡಿ.

ಹೊಗಾರ್ತ್ 1764ರಲ್ಲಿ ತೀರಿಕೊಂಡ. ಅವನ ಹೆಂಡತಿ ಜೇನ್ ಅಳುತ್ತಾ ಕೂರಲಿಲ್ಲ. ತಗಡುಗಳನ್ನು ಜೋಪಾನ ಮಾಡಿ, ಮನೆಯಿಂದಲೇ ಅಚ್ಚುಚಿತ್ರಗಳ ವ್ಯಾಪಾರ ನಡೆಸಿದಳು. 1767ರ ಹೊಸ ಕಾಯ್ದೆಯಲ್ಲಿ ಆಕೆಗೆಂದೇ ಗಂಡನ ಚಿತ್ರಗಳ ಮೇಲೆ 20 ವರ್ಷಗಳ ಹಕ್ಕು ಕೊಟ್ಟರು.

ಎಲಿಜಬೆತ್ ಬ್ಲ್ಯಾಕ್‌ವೆಲ್ ಕಥೆ ಕೇಳಿದರೆ ಕಣ್ಣು ತೇವವಾಗುತ್ತದೆ. ಗಂಡ ಸಾಲ ಮಾಡಿ ಜೈಲು ಸೇರಿದ. ಈಕೆಗೆ ಚಿತ್ರ ಬರೆಯಲು ಬರುತ್ತಿತ್ತು. ಲಂಡನ್ನಿನ ಚೆಲ್ಸಿಯಲ್ಲಿ ವೈದ್ಯರ ಗಿಡಮೂಲಿಕೆ ತೋಟವಿದೆ. ಅಲ್ಲಿನ ಗಿಡಗಳನ್ನು ನೋಡಿ ಚಿತ್ರ ಬರೆದಳು, ತಾಮ್ರದ ಮೇಲೆ ತಾನೇ ಕೊರೆದಳು, ಅಚ್ಚಾದ ಮೇಲೆ ಬಣ್ಣವನ್ನೂ ತಾನೇ ಹಚ್ಚಿದಳು. 1737ರಿಂದ 1739ರವರೆಗೆ ವಾರಕ್ಕೆ ನಾಲ್ಕರಂತೆ 500 ಚಿತ್ರಗಳು! ‘ಎ ಕ್ಯೂರಿಯಸ್ ಹರ್ಬಲ್’ ಎಂಬ ಆ ಪುಸ್ತಕದ ಹಣದಿಂದ ಗಂಡನನ್ನು ಬಿಡಿಸಿಕೊಂಡಳು. ಆ ಮಹಾಶಯ ಆಮೇಲೆ ಸ್ವೀಡನ್ನಿಗೆ ಹೋಗಿ ರಾಜಕೀಯ ಪಿತೂರಿಯ ಆರೋಪದಲ್ಲಿ 1747ರಲ್ಲಿ ತಲೆ ಕಳೆದುಕೊಂಡ. ಹೆಂಡತಿ ಕೊರೆದ ಗಿಡಗಳು ಮಾತ್ರ ಇಂದಿಗೂ ಹಸಿರಾಗಿವೆ.

ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯ 27ನೆಯ ನಂಬರಿನಲ್ಲಿ ಹ್ಯಾನಾ ಹಂಫ್ರಿ ಎಂಬಾಕೆಯ ಚಿತ್ರದ ಅಂಗಡಿ ಇತ್ತು. ರಾಜಮಂತ್ರಿಗಳನ್ನೂ ಬಿಡದೆ ಗೇಲಿ ಮಾಡುತ್ತಿದ್ದ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ ಅವಳ ಅಂಗಡಿಯ ಮೇಲಿನ ಮನೆಯಲ್ಲೇ ಇದ್ದು ಅವಳಿಗಾಗಿಯೇ ಕೊರೆದ. ಕೊಳ್ಳಲು ಕಾಸಿಲ್ಲದವರು ಕಿಟಕಿಯ ಮುಂದೆ ಗುಂಪುಗೂಡಿ ನೋಡುತ್ತಿದ್ದರು. ಕೊನೆಗಾಲದಲ್ಲಿ ಅವನ ಬುದ್ಧಿ ಕೆಟ್ಟಾಗ, 1815ರಲ್ಲಿ ಸಾಯುವವರೆಗೂ ನೋಡಿಕೊಂಡವಳೂ ಆಕೆಯೇ.

ಇನ್ನು ಬಣ್ಣ ಹಚ್ಚುವವರು. ಆ ಕಾಲದ ಬಣ್ಣದ ಚಿತ್ರಗಳಲ್ಲಿ ಹೆಚ್ಚಿನವು ಕಪ್ಪಿನಲ್ಲಿ ಅಚ್ಚಾಗಿ ಆಮೇಲೆ ಕೈಯಲ್ಲಿ ಬಣ್ಣ ಹಚ್ಚಿಸಿಕೊಂಡವು. ಸಾಲಾಗಿ ಮೇಜಿನ ಸುತ್ತ ಕೂತ ಹೆಂಗಸರು, ಎಳೆಯರು. ಒಬ್ಬರು ಆಕಾಶದ ನೀಲಿ ಬಳಿದು ಪಕ್ಕಕ್ಕೆ ಸರಿಸಿದರೆ ಇನ್ನೊಬ್ಬರು ಮರದ ಹಸಿರು ಹಚ್ಚುವರು. ಅವರ ಹೆಸರು ಯಾವ ಅಂಚಿನಲ್ಲೂ ಇಲ್ಲ. ಎಲ್ಲಾದರೂ ಬಣ್ಣ ಗೆರೆಯಿಂದ ಒಂಚೂರು ಆಚೆ ಹರಿದಿದ್ದು ಕಂಡರೆ ನನಗೆ ಪಾಪ, ಸಂಜೆಯಾಗಿ ಬೆಳಕು ಇಳಿದಿತ್ತೇನೋ ಅನಿಸುತ್ತದೆ.

ಸಂಗ್ರಹಿಸುವವರಲ್ಲೂ ಹೆಂಗಸರಿದ್ದರು. ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ನ ತಂಗಿ ಸಾರಾ ಸೋಫಿಯಾ ಬ್ಯಾಂಕ್ಸ್ (1744–1818) ಮದುವೆಯಾಗದೆ ಅಣ್ಣನ ಮನೆಯಲ್ಲೇ ಇದ್ದವಳು. ಬೇರೆಯವರು ಕಸವೆಂದು ಎಸೆಯುತ್ತಿದ್ದ ಅಂಗಡಿ ಚೀಟಿ, ಭೇಟಿ ಚೀಟಿ, ನಾಟಕದ ಟಿಕೆಟ್ಟು, ಬಲೂನು ಹಾರಾಟದ ಚಿತ್ರ, ಎಲ್ಲವನ್ನೂ ಸಾವಿರಗಟ್ಟಲೆ ಕೂಡಿಹಾಕಿ ವಿಂಗಡಿಸಿ ಇಟ್ಟಳು. ಜನ ನಕ್ಕರು. ಆಕೆ ಸತ್ತ ಮೇಲೆ ಅವೆಲ್ಲ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಆ ಕಾಲದ ಬೀದಿ ಹೇಗಿತ್ತು, ಅಂಗಡಿಯಲ್ಲಿ ಏನು ಮಾರುತ್ತಿದ್ದರು ಎಂದು ತಿಳಿಯಬೇಕಾದ ವಿದ್ವಾಂಸರು ಇಂದು ಆ ‘ಕಸ’ವನ್ನೇ ತೆರೆದು ಓದುತ್ತಾರೆ. ಹಳೆಯ ಲಗ್ನಪತ್ರಿಕೆಗಳನ್ನು ಟ್ರಂಕಿನಲ್ಲಿ ಕೂಡಿಡುವ ನಮ್ಮ ಅತ್ತೆಯವರ ನೆನಪಾಯಿತು ನನಗೆ.

ನಮ್ಮ ಬೆಟ್ಟ, ಅವರ ಕಣ್ಣು

ಸಾವನದುರ್ಗ ಲಂಡನ್ನಿನ ಪೆಟ್ಟಿಗೆಗೆ ಹೋದದ್ದು ಹೇಗೆ? ಯುದ್ಧದ ಬೆನ್ನೇರಿ. ಟಿಪ್ಪು ಸುಲ್ತಾನನ ಮೇಲೆ ಕಾರ್ನ್‌ವಾಲಿಸ್ ದಂಡೆತ್ತಿ ಬಂದಾಗ, 1791ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆ ಬಿತ್ತು, ಅದೇ ವರ್ಷ ಡಿಸೆಂಬರ್ 21ರಂದು ಸಾವನದುರ್ಗ ಬಿತ್ತು. ಆ ದಂಡಿನ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನೂ ಇದ್ದ. ಅವನು ಬರೆದುಕೊಂಡ ಬೆಂಗಳೂರು, ಶಿವಗಂಗೆ, ಸಾವನದುರ್ಗ, ಶ್ರೀರಂಗಪಟ್ಟಣದ ದೃಶ್ಯಗಳನ್ನು ಲಂಡನ್ನಿನ ಕುಶಲಿಗಳು ತಗಡಿನ ಮೇಲೆ ಕೊರೆದರು. 1794ರಲ್ಲಿ ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’ ಎಂಬ ಪುಸ್ತಕವಾಯಿತು. ಅಲೆಗ್ಸಾಂಡರ್ ಅಲನ್, ಕೋಲ್‌ಬ್ರೂಕ್, ಜೇಮ್ಸ್ ಹಂಟರ್ ಎಂಬ ದಂಡಿನ ಅಧಿಕಾರಿಗಳೂ ಇಲ್ಲಿನ ದೃಶ್ಯಗಳನ್ನು ಬರೆದರು. ಹಂಟರನ ಬಣ್ಣದ ಅಕ್ವಾಟಿಂಟುಗಳು ಅವನು ಸತ್ತ ಎಷ್ಟೋ ವರ್ಷಗಳ ಮೇಲೆ 1804–05ರಲ್ಲಿ ಹೊರಬಂದವು. ಇಡೀ ಭಾರತವನ್ನು ಸುತ್ತಿದ ಥಾಮಸ್ ಡೇನಿಯಲ್ ಮತ್ತು ಅವನ ಅಣ್ಣನ ಮಗ ವಿಲಿಯಂ, 1795ರಿಂದ 1808ರವರೆಗೆ 144 ಅಕ್ವಾಟಿಂಟುಗಳ ‘ಓರಿಯಂಟಲ್ ಸೀನರಿ’ ತಂದರು.

ಇವರು ಕಣ್ಣಾರೆ ನೋಡಿ ಬರೆದವರು. ನೋಡದೆ ಬರೆದವರೂ ಇದ್ದಾರೆ! 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸುದ್ದಿ ತಲುಪಿದ ಮೇಲೆ, ಭಾರತಕ್ಕೆ ಕಾಲಿಟ್ಟಿರದ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ ನೂರು ಅಡಿಗೂ ಉದ್ದದ ಯುದ್ಧಚಿತ್ರ ಬರೆದ. 1800ರಲ್ಲಿ ಲಂಡನ್ನಿನ ಜನ ಟಿಕೆಟ್ಟು ಕೊಂಡು ನೋಡಿದರು. ಆ ಮಹಾಚಿತ್ರ ಉಳಿಯಲಿಲ್ಲ. ಅದನ್ನು ನೋಡಿ ವೆಂಡ್ರಮಿನಿ ಎಂಬಾತ ಕೊರೆದ ಅಚ್ಚುಚಿತ್ರಗಳು ಉಳಿದಿವೆ. ನೂರಡಿಯ ಬಟ್ಟೆ ಹೋಯಿತು, ತೆಳು ಕಾಗದ ಉಳಿಯಿತು ನೋಡಿ.

ಆದ್ದರಿಂದ ನಮ್ಮ ನಾಡಿನ ಹಳೆಯ ಅಚ್ಚುಚಿತ್ರ ಸಿಕ್ಕಾಗ ಬರೆದವನು ಯಾರು, ಎಲ್ಲಿ ನಿಂತು ಬರೆದ ಎಂದು ಕೇಳಲೇಬೇಕು. ಇದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ತೊಂಬತ್ತು ದಾಟಿದ ನನ್ನಮ್ಮ. ಊರಿಗೆ ಬಂದು ಚಿತ್ರ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದರು. “ಬೆಟ್ಟ ನಮ್ಮದೇ ಕಣೇ. ಆದ್ರೆ ಇದು ನಮ್ಮನೆ ಕಡೆಯಿಂದ ಕಾಣೋ ಹಾಗಿಲ್ಲ. ಆಚೆ ಕಡೆಯಿಂದ ನೋಡಿದ ಹಾಗಿದೆ. ಇದನ್ನ ಬರೆದೋನು ಎಲ್ಲಿ ಕೂತಿದ್ದ?” ಎಂದರು. ನಾನು ಕೂಡಲೇ ಉತ್ತರಿಸಲಿಲ್ಲ. ಕೋಟೆಯನ್ನು ಹಿಡಿಯಲು ಬಂದವರ ಕಡೆ ಕೂತಿದ್ದನಮ್ಮಾ ಎಂದು ಆಮೇಲೆ ಹೇಳಿದೆ. “ಹೂಂ. ಆದ್ರೂ ಕಲ್ಲನ್ನ ಸರಿಯಾಗಿ ಬರೆದಿದಾನೆ” ಎಂದು ಚಿತ್ರವನ್ನು ಮಡಿಲಲ್ಲಿ ಇಟ್ಟುಕೊಂಡರು.

ಕತ್ತರಿ ಬಿತ್ತು

ಅಮ್ಮನ ಕೋಣೆಯಲ್ಲೇ ತೂಗುಹಾಕೋಣವೆಂದು ಚಿತ್ರವನ್ನು ಫ್ರೇಮ್ ಹಾಕಲು ಕೊಟ್ಟೆ. ದೇವರ ಪಟಗಳಿಗೆಲ್ಲ ಅಚ್ಚುಕಟ್ಟಾಗಿ ಕಟ್ಟು ಹಾಕಿಕೊಡುವ ಅಂಗಡಿ. ಏನೂ ಹೇಳಲಿಲ್ಲ, ಅದೇ ನನ್ನ ತಪ್ಪು. ನಾಲ್ಕು ದಿನ ಬಿಟ್ಟು ಹೋದರೆ ಹೊಳೆಯುವ ಚಿನ್ನದ ಬಣ್ಣದ ಚೌಕಟ್ಟು, ಒಳಗೆ ಬೆಟ್ಟ. ಬೆಟ್ಟ ಮಾತ್ರ!

“ಅಂಚು ಎಲ್ಲಪ್ಪಾ?”

“ಕಲೆ ಆಗಿತ್ತಲ್ಲಮ್ಮಾ, ಚೆನ್ನಾಗಿ ಕಾಣ್ತಿರ್ಲಿಲ್ಲ. ನೀಟಾಗಿ ಕಟ್ ಮಾಡ್ಬಿಟ್ಟೆ. ಸುಕ್ಕು ಬರಬಾರ್ದು ಅಂತ ಹಾರ್ಡ್‌ಬೋರ್ಡಿಗೆ ಪೂರ್ತಿ ಅಂಟಿಸಿದೀನಿ, ಇನ್ನು ನೂರು ವರ್ಷ ಅಲ್ಲಾಡಲ್ಲ!”

ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ. ಕಸದ ಬುಟ್ಟಿಯಲ್ಲಿ ಹುಡುಕಿಸಿದೆ. ಕಸದ ಗಾಡಿ ಬೆಳಿಗ್ಗೆಯೇ ಬಂದು ಹೋಗಿತ್ತು. ತಗಡಿನ ಗುರುತು, ತಾರೀಖು, ಬೀದಿಯ ಹೆಸರು, ಎರಡು ಶತಮಾನ ದಾಟಿ ಬಂದ ಇಷ್ಟೂ ನಾಲ್ಕು ದಿನದಲ್ಲಿ ಹೋಯಿತು. ಎಡಗಡೆ ಹೋಮ್ ಎಂದಿದ್ದುದು ನೆನಪಿದೆ. ಬಲಗಡೆಯ ಹೆಸರು? ಸಂತೆಯಲ್ಲಿ ಗಾಜು ಹಿಡಿದು ಓದಿದ್ದೆ, ಗುರುತು ಹಾಕಿಕೊಂಡಿರಲಿಲ್ಲ. “ಮೊಬೈಲಿನಲ್ಲಿ ಫೋಟೋ ತೆಗೆದಿರಲಿಲ್ಲವೇ?” ಎಂದು ನೀವು ಕೇಳುತ್ತೀರಿ. ತೆಗೆದಿದ್ದೆವು. ಮೊಮ್ಮಗಳು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಾಳೆ, ಅವಳ ಹಿಂದೆ ಮಸುಕಾಗಿ ಚಿತ್ರದ ಒಂದು ಮೂಲೆ.

ಆಮೇಲೆ ಕಾಗದಗಳನ್ನು ದುರಸ್ತಿ ಮಾಡುವ ತಜ್ಞೆಯೊಬ್ಬರ ಬಳಿ ಒಯ್ದೆ. ಆಕೆ ವಾರಗಟ್ಟಲೆ ತಾಳ್ಮೆಯಿಂದ ಹಾರ್ಡ್‌ಬೋರ್ಡನ್ನು ಹಿಂದಿನಿಂದ ಪದರ ಪದರವಾಗಿ ಬಿಡಿಸಿ, ಅಂಟು ತೆಗೆದು, ಚಿತ್ರವನ್ನು ಉಳಿಸಿಕೊಟ್ಟರು. “ಅಂಟು ತೆಗೀಬಹುದು, ಕತ್ತರಿಸಿದ್ದನ್ನ ತರೋಕಾಗಲ್ಲಮ್ಮಾ” ಎಂದರು. ದುರಸ್ತಿಗೆ ಕೊಟ್ಟ ಹಣ ಚಿತ್ರಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚು. ಅವರ ಬಳಿ ಕಲಿತದ್ದನ್ನೇ ಈಗ ನಿಮಗೆ ಹೇಳುತ್ತಿದ್ದೇನೆ.

ಕೊಳ್ಳುವ ಮೊದಲು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಒಂದಿರಲಿ. ಗಾಜಿನಲ್ಲಿ ರಂಗೋಲಿ ಚುಕ್ಕಿಗಳಂತೆ ಒಂದೇ ಸಮನಾದ ಬಣ್ಣದ ಚುಕ್ಕೆಗಳು ಕಂಡರೆ ಅದು ಇತ್ತೀಚಿನ ಆಫ್‌ಸೆಟ್ ಮುದ್ರಣ, ಹಳೆಯ ಚಿತ್ರದ ನಕಲು. ಗೋಡೆಗೆ ಚೆಂದ, ಹಳೆಯದೆಂದು ಬೆಲೆ ಕೊಡಬೇಡಿ.

ಚೌಕಟ್ಟಿನಲ್ಲಿದ್ದರೆ ಹೊರಗೆ ತೆಗೆದು ತೋರಿಸಲು ಕೇಳಿ. ಅಂಚು, ಹಿಂಬದಿ, ನೀರುಗುರುತು ಮೂರನ್ನೂ ನೋಡಿ. ತಗಡಿನ ಗುರುತೊಂದನ್ನೇ ನಂಬಬೇಡಿ, ಅದನ್ನು ಹುಸಿಯಾಗಿಯೂ ಒತ್ತಬಹುದು. ಅದು ಇಲ್ಲವೆಂದ ಮಾತ್ರಕ್ಕೆ ನಕಲಿಯೂ ಅಲ್ಲ, ನನ್ನದರಂತೆ ಕತ್ತರಿ ಬಿದ್ದಿರಬಹುದು.

ಬಣ್ಣ ಅಂದಿನದೋ ಇಂದಿನದೋ ಕೇಳಿ. ಕಪ್ಪುಬಿಳುಪಿನ ಹಳೆಯ ಚಿತ್ರಕ್ಕೆ ಈಗ ಬಣ್ಣ ಹಚ್ಚಿ ಮಾರುವುದುಂಟು.

ಕಡಿಮೆ ಹಣದಲ್ಲಿ ಆರಂಭಿಸಬೇಕೆಂದರೆ ಬ್ಯೂವಿಕ್ ಕಾಲದ ನಂತರದ ಮರದಚ್ಚಿನ ಚಿತ್ರಗಳು ಒಳ್ಳೆಯವು. 1842ರಲ್ಲಿ ಆರಂಭವಾದ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯ ಬಿಡಿ ಪುಟಗಳು ಸಂತೆಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ಬೇಗ ಮುಗಿಯಲೆಂದು ಒಂದೇ ಅಚ್ಚನ್ನು ತುಂಡು ಮಾಡಿ ಹಲವರಿಗೆ ಹಂಚಿ ಕೊರೆಸುತ್ತಿದ್ದರು. ತುಂಡುಗಳು ಕೂಡಿದ ಕಡೆ ಸಣ್ಣ ಬಿಳಿ ಗೆರೆ ಹುಡುಕಿ ನೋಡಿ, ಮಕ್ಕಳಿಗೂ ಖುಷಿ.

ಒಂದು ವಿಷಯದಲ್ಲಿ ಮನಸ್ಸಾಕ್ಷಿ ಇರಲಿ. ಬಿಡಿ ಚಿತ್ರಗಳಲ್ಲಿ ಎಷ್ಟೋ, ಗಟ್ಟಿಮುಟ್ಟಾದ ಹಳೆಯ ಪುಸ್ತಕಗಳನ್ನು ಒಡೆದು ತೆಗೆದವು. ಪುಸ್ತಕವಾಗಿ ಮಾರುವುದಕ್ಕಿಂತ ಹಾಳೆ ಹಾಳೆಯಾಗಿ ಮಾರಿದರೆ ಲಾಭ. ಎಂದೋ ಬಿಡಿಯಾದುದನ್ನು ಕೊಳ್ಳಿ, ನಿಮಗಾಗಿ ಪುಸ್ತಕ ಹರಿಯಲು ಯಾರಿಗೂ ಹೇಳಬೇಡಿ. ನನ್ನ ಸಾವನದುರ್ಗವೂ ಯಾವುದೋ ಪುಸ್ತಕದಿಂದಲೇ ಬಂದದ್ದು ಎಂಬ ಅಳುಕು ನನಗಿದೆ.

ಕೊಳ್ಳದೆಯೂ ನೋಡಬಹುದು. ಬ್ರಿಟಿಷ್ ಮ್ಯೂಸಿಯಂನಲ್ಲಿ ಅಚ್ಚುಚಿತ್ರಗಳಿಗೇ ಪ್ರತ್ಯೇಕ ವಿಭಾಗವಿದೆ. ಲಂಡನ್ನಿನಲ್ಲಿ ಮಕ್ಕಳಿರುವವರು ಮುಂಚಿತವಾಗಿ ಬರೆದು ಸಮಯ ಗೊತ್ತುಮಾಡಿಕೊಂಡು ಹೋಗಬಹುದು. ಮನೆಯಲ್ಲೇ ಕೂತು ಅವರ ಜಾಲತಾಣದಲ್ಲೂ ನೋಡಬಹುದು.

ಇನ್ನೊಂದು ಕಾನೂನಿನ ಮಾತು. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ನಮ್ಮ ದೇಶದಿಂದ ಹೊರಕ್ಕೆ ಒಯ್ಯಲು 1972ರ ಕಾಯ್ದೆಯ ನಿರ್ಬಂಧವಿದೆ. ಇಲ್ಲಿ ಕೊಂಡದ್ದನ್ನು ವಿದೇಶದ ಮಗನಿಗೆ ಉಡುಗೊರೆಯಾಗಿ ಕಳಿಸುವ ಮೊದಲು ವಿಚಾರಿಸಿ.

ಕೊಂಡ ಮೇಲೆ

ಯಾವ ಕಾರಣಕ್ಕೂ ಅಂಚು ಕತ್ತರಿಸಬೇಡಿ. ಇದನ್ನು ಫ್ರೇಮಿನವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಚೀಟಿಯಲ್ಲಿ ಬರೆದು ಕೊಡಿ. ಚೌಕಟ್ಟನ್ನು ಚಿತ್ರಕ್ಕೆ ತಕ್ಕಂತೆ ಮಾಡಿಸಿ, ಚಿತ್ರವನ್ನು ಚೌಕಟ್ಟಿಗೆ ತಕ್ಕಂತೆ ಮಾಡಬೇಡಿ.

ಫೆವಿಕಾಲ್, ಸೆಲೋಟೇಪ್, ಲ್ಯಾಮಿನೇಷನ್ ಮೂರೂ ಶತ್ರುಗಳು. ಮೇಲಂಚಿನ ಹಿಂದೆ ಎರಡೇ ಎರಡು ಕಡೆ ತೆಳುವಾದ ಜಪಾನಿ ಕಾಗದದ ಪಟ್ಟಿಯನ್ನು ಗೋಧಿಯ ಪಿಷ್ಟದ ಅಂಟಿನಿಂದ ಹಚ್ಚಿ ತೂಗುಬಿಟ್ಟರೆ ಸಾಕು. ಬೇಕೆಂದಾಗ ನೀರು ಸೋಕಿಸಿ ಬಿಡಿಸಬಹುದು.

ಹಿಂದೆ ಮುಂದೆ ಆಸಿಡ್ ಇಲ್ಲದ ರಟ್ಟನ್ನೇ ಹಾಕಿಸಿ. ಮಾಮೂಲಿ ರಟ್ಟು ಕೆಲವೇ ವರ್ಷಗಳಲ್ಲಿ ಕಾಗದವನ್ನು ಕಂದು ಮಾಡುತ್ತದೆ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟಿನ ಕಿಟಕಿ ಇರಲಿ.

ಬಿಸಿಲು ಬೀಳುವ ಗೋಡೆ, ಅಡುಗೆಮನೆ, ಬಚ್ಚಲುಮನೆಯ ಪಕ್ಕದ ಗೋಡೆ ಬೇಡ. ಮಳೆಗಾಲದಲ್ಲಿ ಒದ್ದೆಯಾಗುವ ಹೊರಗೋಡೆಯಂತೂ ಬೇಡವೇ ಬೇಡ. ಕಾಗದದಲ್ಲಿ ಕಂದು ಚುಕ್ಕೆ ಏಳುವುದು ತೇವದಿಂದ. ಚೌಕಟ್ಟಿನ ಕೆಳಮೂಲೆಗಳ ಹಿಂದೆ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ವರ್ಷಕ್ಕೊಮ್ಮೆ, ದೀಪಾವಳಿಯ ಧೂಳು ತೆಗೆಯುವಾಗ, ಹಿಂಬದಿ ನೋಡಿ.

ಎಲ್ಲಕ್ಕಿಂತ ಮುಖ್ಯ, ಒಂದು ನೋಟ್‌ಬುಕ್. ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡಿರಿ, ಅಂಚಿನಲ್ಲಿ ಏನೇನಿದೆ, ಅಕ್ಷರ ಬಿಡದಂತೆ ಬರೆದಿಡಿ. ಫೋಟೋ ತೆಗೆಯಿರಿ, ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿ!

ನನ್ನ ಬಳಿ ಈಗ ಹದಿನೇಳು ಚಿತ್ರಗಳಿವೆ. ದುಬಾರಿಯದು ಒಂದೂ ಇಲ್ಲ. ಅಮ್ಮ ಕಳೆದ ವರ್ಷ ತೀರಿಕೊಂಡರು. ಸಾವನದುರ್ಗ ಅವರ ಕೋಣೆಯಲ್ಲೇ ಇದೆ, ಬಿಸಿಲು ಬೀಳದ ಗೋಡೆಯಲ್ಲಿ. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದರ ವಿವರ ಬರೆದಿದ್ದೇನೆ. ಬರೆದವನು: ಹೋಮ್. ಕೊಂಡದ್ದು: ಪೋರ್ಟೊಬೆಲ್ಲೊ ರಸ್ತೆ, ಶನಿವಾರ. ಗುರುತು ಹಿಡಿದವರು: ಅಮ್ಮ. ಕೊರೆದವನು ಎಂಬಲ್ಲಿ ಖಾಲಿ ಬಿಟ್ಟಿದ್ದೇನೆ. ಮುಂದಿನ ಸಲ ಮಗಳ ಮನೆಗೆ ಹೋದಾಗ ಆ ಪುಸ್ತಕದ ಇಡೀ ಪ್ರತಿಯನ್ನು ಎಲ್ಲಿದ್ದರೂ ಹುಡುಕಿ, ಪುಟ ತೆರೆಸಿ, ಆ ಹೆಸರನ್ನು ಓದಿಕೊಂಡು ಬರಬೇಕು. ನಮ್ಮ ಬೆಟ್ಟವನ್ನು ಕಾಣದೆಯೇ ಅದರ ಒಂದೊಂದು ಬಿರುಕನ್ನೂ ತಾಮ್ರದ ಮೇಲೆ ಕೊರೆದವನಲ್ಲವೇ? ಅವನ ಹೆಸರು ಖಾಲಿ ಇರಬಾರದು.